ಗಾಡಿಯ ಕಮಾನು



ಅರಸರ ಕಾಳಗಗಳಿಗೆ ಚರಿತ್ರೆಯುಂಟು, ಗುಡಿಗೋಪುರಗಳಿಗೂ ಉಂಟು. ಗಾಡಿಯ ಅಡಿಯಲ್ಲಿ ಕೆಸರು ಮೆತ್ತಿಕೊಂಡು, ಯಾರ ಕಣ್ಣಿಗೂ ಬೀಳದೆ ಇರುವ ಕಮಾನಿಗೆ ಎಂತಹ ಚರಿತ್ರೆ ಎಂದು ತಾವು ಕೇಳಬಹುದು. ಚರಿತ್ರೆಯ ಅಧ್ಯಾಪಕನಾದ ನಾನೂ ಬಹುಕಾಲ ಹಾಗೆಯೇ ಎಣಿಸಿದ್ದೆ. ಆ ಎಣಿಕೆಯನ್ನು ತಿದ್ದಿದ್ದು ಒಂದು ಪ್ರಯಾಣ. ಆದಕಾರಣ ಅಲ್ಲಿಂದಲೇ ಮೊದಲುಮಾಡುತ್ತೇನೆ.

ಕಾಲೇಜಿನ ಕೆಲಸಕ್ಕಾಗಿ ಚಿಕ್ಕೋಡಿಗೆ ಹೋಗಿದ್ದಾಗ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ತನ್ನ ಕಾರಿನಲ್ಲಿ ನನ್ನನ್ನು ನಿಪ್ಪಾಣಿಗೆ ಕರೆದೊಯ್ದನು. ಸಾಧಾರಣ ಕಾರೇ, ಆದರೆ ಅದರ ಮೈ ನೆಲಕ್ಕೆ ನಾಲ್ಕು ಬೆರಳು ಹತ್ತಿರವಾಗಿ ಕುಳಿತಿತ್ತು. ಯಾವುದೋ ಗ್ಯಾರೇಜಿನಲ್ಲಿ ಸುರುಳಿ ಸ್ಪ್ರಿಂಗುಗಳನ್ನು ಕತ್ತರಿಸಿ ಗಿಡ್ಡಮಾಡಿಸಿದ್ದನಂತೆ. “ನೋಡ್ರಿ ಸರ, ಈಗ ಹ್ಯಾಂಗ ರಸ್ತಾಕ್ಕ ಅಂಟಿಕೊಂಡು ಹೋಗತೈತಿ” ಎಂದು ಹೆಮ್ಮೆಯಿಂದ ಹೇಳಿದನು. ನುಣುಪಾದ ರಸ್ತೆಯಲ್ಲಿ ಅವನ ಮಾತು ನಿಜವೆಂದೇ ತೋರಿತು. ತಿರುವಿನಲ್ಲಿ ಕಾರು ಓಲಾಡಲಿಲ್ಲ. ಚುಕ್ಕಾಣಿ ತಿರುಗಿಸಿದೊಡನೆ ತಿರುಗುತ್ತಿತ್ತು. ನಿಪ್ಪಾಣಿಯ ಕೆಲಸ ಮುಗಿಸಿ ದಕ್ಷಿಣಕ್ಕೆ ತವಂದಿ ಘಟ್ಟದ ಕಡೆ ಹೊರಟೆವು. ಒಂದು ತಿರುವಿನಲ್ಲಿ ರಸ್ತೆಯ ಮೇಲೆ ತೇಪೆಗಳು ಅಲೆಅಲೆಯಾಗಿ ಎದ್ದಿದ್ದವು. ಅವುಗಳ ಮೇಲೆ ಗಾಲಿ ಹಾಯ್ದ ಕ್ಷಣದಲ್ಲಿಯೇ ಕಾರಿನ ಹಿಂಭಾಗವು ಟಕಟಕನೆ ಕುಪ್ಪಳಿಸಿ, ಮೊಳದಷ್ಟು ಪಕ್ಕಕ್ಕೆ ಸರಿದು, ಅಂಚಿನ ಗೋಡೆಯ ಸಮೀಪಕ್ಕೆ ಹೋಗಿ ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ. ಹಿಂದೆ ಬರುತ್ತಿದ್ದ ಲಾರಿಯವನು ಹೊತ್ತಿಗೆ ಸರಿಯಾಗಿ ಬ್ರೇಕು ಹಾಕಿದ್ದೇ ನಮ್ಮ ಪುಣ್ಯ. ಹುಡುಗನು ಬಹಳ ಹೊತ್ತು ಮಾತನಾಡಲಿಲ್ಲ, ನಾನೂ ಆಡಲಿಲ್ಲ.

ಮರುದಿನ ನಾನು ಕಾಗವಾಡ ತಾಲ್ಲೂಕಿನ ಉಗಾರ ಖುರ್ದಕ್ಕೆ ಹೋಗಬೇಕಾಯಿತು. 1939ರಲ್ಲಿ ಸ್ಥಾಪಿತವಾದ ಸಕ್ಕರೆ ಕಾರಖಾನೆ ಅಲ್ಲಿದೆ. ಕಬ್ಬು ನುರಿಸುವ ಕಾಲವಾದ್ದರಿಂದ ಟ್ರ್ಯಾಕ್ಟರುಗಳೂ ಚಕ್ಕಡಿಗಳೂ ಸಾಲುಗಟ್ಟಿ ನಿಂತಿದ್ದವು. ಮುಪ್ಪಿನ ಗಾಡಿಯವರೊಬ್ಬರ ಸಂಗಡ ಮಾತಿಗೆ ನಿಂತು, ಹಿಂದಿನ ದಿನದ ಪ್ರಸಂಗವನ್ನು ಹೇಳಿ, ಚಕ್ಕಡಿಗೆ ಕಮಾನೇ ಇಲ್ಲವಲ್ಲ, ಕುಲುಕನ್ನು ಹೇಗೆ ತಡೆಯುತ್ತೀರಿ ಎಂದು ಕೇಳಿದೆ. ಅವರು ನಕ್ಕು, “ನಾವೆಲ್ಲಿ ತಡೀತೀವ್ರಿ ಸಾಹೇಬ್ರ? ನಮ್ಮ ಬೆನ್ನಿಗಿಂತ ಮೊದಲ ಎತ್ತಿನ ಹೆಗಲಿಗೆ ಗೊತ್ತಾಕ್ಕೈತಿ” ಎಂದರು. ಗಾಡಿಯ ಚರಿತ್ರೆಯೆಲ್ಲ ಈ ಒಂದು ಮಾತಿನಲ್ಲಿ ಅಡಗಿದೆಯೆಂದು ನನಗೆ ಅನಂತರ ಹೊಳೆಯಿತು. ಹಳ್ಳದಿಣ್ಣೆಗಳಿಂದ ಗಾಲಿಗೆ ಬೀಳುವ ಏಟು ಎಲ್ಲಿಯೂ ಮಾಯವಾಗುವುದಿಲ್ಲ. ಅದನ್ನು ಯಾರಾದರೂ ಹೊರಲೇಬೇಕು: ಎತ್ತು, ಪ್ರಯಾಣಿಕ, ರಸ್ತೆ, ಇಲ್ಲವೇ ಈ ಕೆಲಸಕ್ಕೆಂದೇ ನೇಮಿಸಿದ ಒಂದು ಕಬ್ಬಿಣದ ತುಂಡು. ಯಾವ ಕಾಲದಲ್ಲಿ ಯಾರು ಹೊತ್ತರೆಂಬುದೇ ಈ ಹೊತ್ತಿನ ನನ್ನ ವಿಷಯ.

ಮೊದಲು ಚಕ್ಕಡಿಯನ್ನು ನೋಡೋಣ. ಚಿಕ್ಕೋಡಿ, ರಾಯಬಾಗ, ಅಥಣಿಗಳ ಬಯಲಿನಲ್ಲಿ ಕೃಷ್ಣಾನದಿ ಹರಿಯುತ್ತದೆ. ನಿಪ್ಪಾಣಿಯ ಕಡೆಯಿಂದ ವೇದಗಂಗಾ ದೂಧಗಂಗಾ ನದಿಗಳು ಬರುತ್ತವೆ. ಈ ನದಿಗಳ ಇಕ್ಕೆಲದ ಎರೆಭೂಮಿಯು ಬೇಸಗೆಯಲ್ಲಿ ಕಲ್ಲಿನಂತೆ ಗಟ್ಟಿಯಾಗಿ ಬಿರಿಯುತ್ತದೆ, ಮಳೆಗಾಲದಲ್ಲಿ ಅಂಟಿನಂತಾಗುತ್ತದೆ. ಇಂತಹ ನೆಲಕ್ಕೆ ಎತ್ತರವಾದ ಮರದ ಗಾಲಿ, ಅದರ ಸುತ್ತ ಕಬ್ಬಿಣದ ಪಟ್ಟಿ, ನಡುವೆ ಅಚ್ಚು, ಅಚ್ಚಿನ ತುದಿಗೆ ಕಡಾಣಿ, ಇವನ್ನು ನಮ್ಮ ಬಡಿಗರೂ ಕಂಬಾರರೂ ತಲೆಮಾರುಗಳ ಅನುಭವದಿಂದ ಹೊಂದಿಸಿದ್ದರು. ಗಾಲಿಯು ದೊಡ್ಡದಾದಷ್ಟೂ ಅದು ಸಣ್ಣ ಕುಳಿಯೊಳಗೆ ಇಳಿಯದೆ ದಾಟುತ್ತದೆ. ಅಷ್ಟರ ಮಟ್ಟಿಗೆ ಏಟು ಹುಟ್ಟುವುದೇ ಕಡಮೆ. ಆದರೆ ಹುಟ್ಟಿದ ಏಟನ್ನು ನುಂಗುವ ಅಂಗವು ಚಕ್ಕಡಿಯಲ್ಲಿ ಇರಲಿಲ್ಲ. ಎರಡು ಗಾಲಿಯ ಗಾಡಿಯ ಭಾರದ ಒಂದು ಪಾಲು ನೊಗದ ಮೇಲೆ ಕುಳಿತಿರುವುದಷ್ಟೆ. ಗಾಲಿಗೆ ಬಿದ್ದ ಏಟು ಮೂಕಿಯ ಮೂಲಕ ನೊಗಕ್ಕೂ ನೊಗದಿಂದ ಹೆಗಲಿಗೂ ಹೋಗುತ್ತಿತ್ತು. ಉಳಿದುದನ್ನು ರಸ್ತೆಯು ಉಣ್ಣುತ್ತಿತ್ತು. ಕಬ್ಬಿಣದ ಕಿರಿದಾದ ಪಟ್ಟಿಯು ಅದನ್ನು ಕೊರೆದು ಜಾಡುಮಾಡುತ್ತಿತ್ತು.

ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಮೀರಜ ಬೆಳಗಾವಿಗಳ ನಡುವೆ ರೈಲುದಾರಿ ಬಂದಿತು. ಕಬ್ಬಿಣದ ಹಳಿ ಬಂದಮೇಲೆ ಚಕ್ಕಡಿಯ ಕೆಲಸ ಮುಗಿಯಿತೆಂದು ಊಹಿಸುವವರಿಗೆ ಆ ದಾರಿಯ ಒಂದು ನಿಲ್ದಾಣದ ಹೆಸರೇ ಉತ್ತರ ಹೇಳುತ್ತದೆ. ಅದರ ಹೆಸರು ‘ಚಿಕ್ಕೋಡಿ ರೋಡ್’. ರೈಲು ಚಿಕ್ಕೋಡಿಗೆ ಬರಲಿಲ್ಲ; ಚಿಕ್ಕೋಡಿಗೆ ಹೋಗುವ ರಸ್ತೆಗೆ ಬಂದಿತು. ನಿಲ್ದಾಣಕ್ಕೂ ಊರಿಗೂ ನಡುವಣ ಮೈಲಿಗಟ್ಟಲೆ ದಾರಿಯನ್ನು ಗಾಡಿಗಳೇ ಸವೆಸಬೇಕಾಗಿತ್ತು. ನಿಪ್ಪಾಣಿಯ ತಂಬಾಕಿನ ವ್ಯಾಪಾರವೂ ಪುಣೆಯಿಂದ ಸಾತಾರಾ ಕೊಲ್ಹಾಪುರಗಳ ಮಾರ್ಗವಾಗಿ ಬೆಳಗಾವಿಗೆ ಸಾಗುವ ಹೆದ್ದಾರಿಯನ್ನೇ ನಂಬಿಕೊಂಡಿತ್ತು.

ಹಾಗಾದರೆ ಮನುಷ್ಯನು ತನ್ನ ಮೈಯನ್ನು ಕುಲುಕಿನಿಂದ ಕಾಪಾಡಿಕೊಳ್ಳಲು ಏನನ್ನೂ ಮಾಡಿರಲಿಲ್ಲವೆ? ಮಾಡಿದ್ದನು. ಪಲ್ಲಕ್ಕಿಯನ್ನು ನೆನಪಿಗೆ ತಂದುಕೊಳ್ಳಿ. ಅದರ ದಂಡಿಗೆಯು ಬಾಗಿ ಏಳುವುದೂ ಬೋಯಿಗಳ ಮೊಣಕಾಲು ಮಡಿಯುವುದೂ ಸೇರಿ, ಒಳಗೆ ಕುಳಿತವನಿಗೆ ಮೆಲ್ಲನೆಯ ತೂಗು ಮಾತ್ರ ತಿಳಿಯುತ್ತಿತ್ತು. ಆ ತೂಗು ಹಿತವಾಗಿದ್ದುದಕ್ಕೆ ಕಾರಣವುಂಟು. ನಡೆಯುವಾಗ ನಮ್ಮ ಮೈ ಒಂದು ಸೆಕೆಂಡಿಗೆ ಹೆಚ್ಚುಕಡಮೆ ಒಂದೂವರೆಯಿಂದ ಎರಡು ಸಲ ಏರಿಳಿಯುತ್ತದೆ. ಹುಟ್ಟಿದಾರಭ್ಯ ಈ ಲಯಕ್ಕೆ ದೇಹವು ಒಗ್ಗಿಹೋಗಿದೆ. ತೂಗು ಸೆಕೆಂಡಿಗೆ ಒಂದಕ್ಕಿಂತ ಬಹಳ ನಿಧಾನವಾದರೆ ಹಡಗಿನಲ್ಲಿ ಕುಳಿತಂತೆ ಹೊಟ್ಟೆ ತೊಳಸುತ್ತದೆ. ನಾಲ್ಕರಿಂದ ಎಂಟರವರೆಗೆ ಚುರುಕಾದರೆ ಬೆನ್ನಿಗೂ ಕರುಳಿಗೂ ಅತ್ಯಂತ ಬಾಧಕವಾಗುತ್ತದೆ. ಇಂದಿನ ಸಾಧಾರಣ ಕಾರುಗಳ ಮೈ ಸೆಕೆಂಡಿಗೆ ಒಂದರಿಂದ ಒಂದೂವರೆ ಸಲ ತೂಗುವಂತೆ ಕಮಾನುಗಳನ್ನು ಅಳವಡಿಸುವುದು ಇದೇ ಕಾರಣದಿಂದ. ಪಲ್ಲಕ್ಕಿಯಲ್ಲಿ ಕಮಾನಿನ ಕೆಲಸ ಮಾಡಿದ್ದು ಮನುಷ್ಯರ ಕಾಲು ಎಂಬುದನ್ನು ಮಾತ್ರ ನಾವು ಮರೆಯಬಾರದು.

ಯೂರೋಪಿನಲ್ಲಿ ಈ ಭಾರವನ್ನು ಮೊದಲು ತೊಗಲಿನ ಮೇಲೆ ಹಾಕಿದರು. ಸಾರೋಟಿನ ತೊಟ್ಟಿಯನ್ನು ದಪ್ಪ ತೊಗಲಿನ ಪಟ್ಟಿಗಳಿಂದ ತೊಟ್ಟಿಲಿನಂತೆ ತೂಗುಹಾಕುತ್ತಿದ್ದರು. ಕಾರಿನ ಈ ಅಂಗವನ್ನು ಇಂದಿಗೂ ‘ಸಸ್ಪೆನ್ಷನ್’, ಎಂದರೆ ತೂಗುಹಾಕಿದುದು, ಎಂದು ಕರೆಯುವುದು ಆ ಕಾಲದ ಗುರುತು. 1804ರಲ್ಲಿ ಇಂಗ್ಲೆಂಡಿನ ಒಬಾಡಯ ಎಲಿಯಟ್ ಎಂಬ ಗಾಡಿ ತಯಾರಕನು ಉಕ್ಕಿನ ತೆಳು ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ, ಅಂಡಾಕಾರದ ಕಮಾನಿಗೆ ಹಕ್ಕುಪತ್ರ ಪಡೆದನು. ಇಲ್ಲಿ ಒಂದು ಸೊಗಸಾದ ಯುಕ್ತಿಯಿದೆ. ಪಟ್ಟಿಯ ದಪ್ಪವನ್ನು ಎರಡರಷ್ಟು ಮಾಡಿದರೆ ಅದರ ಬಿಗುವು ಎಂಟರಷ್ಟಾಗುತ್ತದೆ. ಅದೇ ದಪ್ಪವನ್ನು ಎರಡು ಬಿಡಿ ಪಟ್ಟಿಗಳಾಗಿ ಜೋಡಿಸಿದರೆ ಬಿಗುವು ಎರಡರಷ್ಟು ಮಾತ್ರವಾಗುತ್ತದೆ. ಹೀಗೆ ಭಾರವನ್ನೂ ಹೊರಬಲ್ಲ, ಬಾಗಲೂ ಬಲ್ಲ ಅಂಗವೊಂದು ದೊರೆಯಿತು. ಜೊತೆಗೆ ಪಟ್ಟಿಗಳು ಒಂದನ್ನೊಂದು ಉಜ್ಜುವುದರಿಂದ ಕಮಾನು ಒಮ್ಮೆ ಎದ್ದಮೇಲೆ ಕುಣಿಯುತ್ತಲೇ ಇರದೆ ಬೇಗ ಶಾಂತವಾಗುತ್ತಿತ್ತು.

ಈ ಕಮಾನೇ ನಮ್ಮ ಕಡೆಯ ಟಾಂಗಾಗಳಿಗೂ ಮೈಸೂರು ಸೀಮೆಯ ಜಟಕಾಗಳಿಗೂ ಬಂದಿತು. ಇಂದು ನಮ್ಮ ಗ್ಯಾರೇಜುಗಳಲ್ಲಿ ಲಾರಿಯ ಸ್ಪ್ರಿಂಗನ್ನು ‘ಕಮಾನು’ ಎನ್ನುವರಲ್ಲವೆ? ಬಿಲ್ಲೆಂಬ ಅರ್ಥದ ಆ ಪಾರಸೀ ಶಬ್ದವು ಅದರ ರೂಪಕ್ಕೂ ಗುಣಕ್ಕೂ ತಕ್ಕುದಾಗಿದೆ. ಆದರೆ ಕಮಾನು ದೊರೆತುದು ಸವಾರಿಗೆ, ಹೊರೆಗಲ್ಲ. ಕೂರುವವನ ಬೆನ್ನಿಗೆ ಉಕ್ಕು ಬಂದರೂ ಕಾಳಿನ ಚೀಲವನ್ನೂ ತಂಬಾಕಿನ ಮೂಟೆಯನ್ನೂ ಹೊತ್ತ ಚಕ್ಕಡಿಯ ಎತ್ತಿಗೆ ಏನೂ ಬರಲಿಲ್ಲ.

ಎತ್ತಿಗೆ ನೆರವು ಬಂದದ್ದು ಬೇರೊಂದು ದಾರಿಯಿಂದ. ಗಾಳಿ ತುಂಬಿದ ಗಾಲಿಗೆ ರಾಬರ್ಟ್ ಥಾಮ್ಸನ್ ಎಂಬಾತನು 1845ರಲ್ಲಿಯೇ ಹಕ್ಕುಪತ್ರ ಪಡೆದಿದ್ದರೂ ಅದು ಬಳಕೆಗೆ ಬರಲಿಲ್ಲ. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಡನ್‌ಲಪ್ಪನು ಅದನ್ನು ಹೊಸದಾಗಿ ಕಂಡುಹಿಡಿದು ಸೈಕಲ್ಲಿಗೆ ತೊಡಿಸಿದನು. ಬೆಳಗಾವಿಯಲ್ಲಿ ಲಕ್ಷ್ಮಣರಾವ್ ಕಿರ್ಲೋಸ್ಕರರು ಸೈಕಲ್ಲಿನ ಅಂಗಡಿಯನ್ನು ತೆರೆದುದೂ ಅದೇ 1888ರಲ್ಲಿ. ಕಿರ್ಲೋಸ್ಕರರು ಅಲ್ಲಿಂದ ಕಬ್ಬಿಣದ ನೇಗಿಲಿನ ಕಡೆಗೆ ತಿರುಗಿ, 1910ರಲ್ಲಿ ಔಂಧ ಸಂಸ್ಥಾನದಲ್ಲಿ ಕಿರ್ಲೋಸ್ಕರವಾಡಿಯನ್ನು ಕಟ್ಟಿದರು. ರಬ್ಬರಿನ ಗಾಲಿಯು ತನ್ನ ದಾರಿ ಹಿಡಿಯಿತು. ಕಾಲಕ್ರಮದಲ್ಲಿ ಅದು ಚಕ್ಕಡಿಗೂ ಬಂದಿತು. ಕಬ್ಬಿನ ಸೀಮೆಯಲ್ಲಿ ಇಂದು ಕಾಣುವ ಟೈರಿನ ಗಾಡಿ ಅದೇ. ಗಾಳಿಯು ಏಟಿನ ಒಂದು ಭಾಗವನ್ನು ನುಂಗಿತು. ಅಗಲವಾದ ಟೈರು ರಸ್ತೆಯನ್ನು ಕೊರೆಯಲಿಲ್ಲ. ಎಳೆಯುವ ಶ್ರಮವೂ ಕಡಮೆಯಾಯಿತು.

ಎತ್ತಿನ ಬಾಳು ಇಲ್ಲಿಂದ ಸುಖವಾಯಿತೆಂದು ಹೇಳುವಂತಿದ್ದರೆ ನನಗೆ ಸಂತೋಷವಾಗುತ್ತಿತ್ತು. ಆದರೆ ಉಳಿದ ಶ್ರಮವನ್ನು ನಾವು ಎತ್ತಿಗೆ ಬಿಟ್ಟುಕೊಡಲಿಲ್ಲ. ಅಷ್ಟಕ್ಕೂ ಹೊರೆಯನ್ನು ಏರಿಸಿದೆವು. ಎಳೆಯುವುದು ಸುಲಭವಾದ ಗಾಡಿಯನ್ನು ಇಳಿಜಾರಿನಲ್ಲಿ ತಡೆಯುವುದು ಕಷ್ಟ. ಬ್ರೇಕಿಲ್ಲದ ಗಾಡಿಯಲ್ಲಿ ಆ ತಡೆಯೂ ಎತ್ತಿನ ಕೊರಳೇ ಆಯಿತು. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟಿನ ಮೊದಲ ನಿರ್ದೇಶಕರಾಗಿದ್ದ ಎನ್. ಎಸ್. ರಾಮಸ್ವಾಮಿಯವರು 1970ರ ದಶಕದಿಂದ ಎತ್ತಿನ ಗಾಡಿಯ ಸುಧಾರಣೆಗಾಗಿ ಶ್ರಮಿಸಿದಾಗ ಗಾಲಿಯ ಜೊತೆಗೆ ನೊಗದ ಮಾತನ್ನೂ ಎತ್ತಿದ್ದು ಸುಮ್ಮನಲ್ಲ.

ಇನ್ನು ಮೋಟಾರಿನ ಕಡೆಗೆ ಬರೋಣ. ಮೊದಲಿನ ಕಾರುಗಳು ಸಾರೋಟಿನ ಕಮಾನನ್ನೇ ಎರವಲು ತಂದುಕೊಂಡವು. ಕುದುರೆಯ ನಡೆಗೆ ಸಾಕಾಗಿದ್ದ ಕಮಾನು ಎಂಜಿನಿನ ವೇಗಕ್ಕೆ ಸಾಲಲಿಲ್ಲ. ಗಾಡಿಯು ಒಂದು ದಿಣ್ಣೆ ಹಾರಿದರೆ ಮುಂದಿನ ದಿಣ್ಣೆಯವರೆಗೂ ಕುಣಿಯುತ್ತಿತ್ತು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಫ್ರಾನ್ಸಿನ ತ್ರುಫೋ ಎಂಬಾತನು ಬಿಲ್ಲೆಗಳ ಉಜ್ಜಾಟದಿಂದ ಈ ಕುಣಿತವನ್ನು ತಡೆಯುವ ಸಾಧನವನ್ನು ಮಾಡಿದನು. ತರುವಾಯ ಸಣ್ಣ ರಂಧ್ರಗಳಲ್ಲಿ ಎಣ್ಣೆಯನ್ನು ನುಗ್ಗಿಸಿ ಚಲನೆಯನ್ನು ತಣಿಸುವ ಸಾಧನವು ಬಂದಿತು. ಇವಕ್ಕೆ ‘ಶಾಕ್ ಅಬ್ಸಾರ್ಬರ್’ ಎಂಬ ಹೆಸರು ನಿಂತುಹೋಗಿದೆಯಾದರೂ ಅದು ಸರಿಯಾದ ಹೆಸರಲ್ಲ. ಏಟನ್ನು ಹೊರುವುದು ಸ್ಪ್ರಿಂಗು. ಏಟಿನ ಅನಂತರದ ಕುಣಿತವನ್ನು ಅಡಗಿಸುವುದು ಈ ಎಣ್ಣೆಯ ನಳಿಗೆ. ಎರಡೂ ಒಂದಕ್ಕೊಂದು ಹೊಂದದಿದ್ದರೆ ಎರಡೂ ಇದ್ದು ಪ್ರಯೋಜನವಿಲ್ಲ.

ಇಟಲಿಯಲ್ಲಿ 1922ರಲ್ಲಿ ಹೊರಬಂದ ಲಾನ್ಸಿಯಾ ಲ್ಯಾಂಬ್ಡಾ ಕಾರಿನಲ್ಲಿ ಮುಂದಿನ ಎರಡು ಗಾಲಿಗಳೂ ಒಂದರ ಗೊಡವೆ ಒಂದಕ್ಕಿಲ್ಲದೆ ಏರಿಳಿಯುತ್ತಿದ್ದವು. 1930ರ ದಶಕದಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆಯಲ್ಲಿ ಮಾರಿಸ್ ಆಲಿ ಎಂಬ ಎಂಜಿನಿಯರು ಈ ವಿಷಯವನ್ನು ಶಾಸ್ತ್ರದ ಮಟ್ಟಕ್ಕೆ ತಂದರು. ಅಲ್ಲಿಯವರೆಗೆ ಮುಂದಿನ ಕಮಾನು ಬಿರುಸಾಗಿ, ಹಿಂದಿನದು ಮೆದುವಾಗಿ ಇರುತ್ತಿದ್ದುವು. ಆಲಿಯವರು ಇದನ್ನು ತಿರುವುಮುರುವು ಮಾಡಿದರು. ದಿಣ್ಣೆಯನ್ನು ಮೊದಲು ಏರುವುದು ಮುಂದಿನ ಗಾಲಿ. ಹಿಂದಿನ ಗಾಲಿ ಸ್ವಲ್ಪ ತಡವಾಗಿ ಏರುತ್ತದೆ. ಹಿಂದಿನ ಸ್ಪ್ರಿಂಗು ಕೊಂಚ ಚುರುಕಾಗಿ ತೂಗಿದರೆ ಆ ತಡವನ್ನು ತುಂಬಿಕೊಂಡು ಮುಂದಿನದರೊಡನೆ ಸೇರುತ್ತದೆ. ಕಾರು ಮುಂದುಹಿಂದಾಗಿ ತೊನೆಯದೆ ಸಮನಾಗಿ ಏರಿಳಿಯುತ್ತದೆ. ಆದರೆ ಮುಂದಿನ ಎರಡು ಗಾಲಿಗಳನ್ನು ಸೇರಿಸುವ ಒಂದೇ ಅಚ್ಚಿಗೆ ಮೆದು ಕಮಾನು ತೊಡಿಸಿದರೆ ಗಾಲಿಗಳು ತರತರನೆ ನಡುಗುತ್ತಿದ್ದವು. ಆದುದರಿಂದ ಗಾಲಿಗಳನ್ನು ಬಿಡಿಬಿಡಿಯಾಗಿ ಕೂರಿಸುವುದು ಅನಿವಾರ್ಯವಾಯಿತು. 1934ರ ಹೊತ್ತಿಗೆ ಆ ಸಂಸ್ಥೆಯ ಕಾರುಗಳಲ್ಲಿ ಅದು ಜಾರಿಗೆ ಬಂದಿತು. ಪ್ರಯಾಣಿಕನ ಬೆನ್ನಿಗಾಗಿ ಹುಟ್ಟಿದ ಕಮಾನಿಗೆ ಇನ್ನೂ ಒಂದು ದೊಡ್ಡ ಕರ್ತವ್ಯವಿದೆ, ಗಾಲಿಯನ್ನು ನೆಲ ಬಿಡದಂತೆ ಹಿಡಿಯುವುದು, ಎಂಬ ಅರಿವು ಹೀಗೆ ಬಲವಾಯಿತು.

ನಮ್ಮ ದೇಶದಲ್ಲಿ 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಾದ ಅಂಬಾಸಡರ್ ಕಾರಿಗೆ ಮುಂದೆ ತಿರುಚುವ ಉಕ್ಕಿನ ಸರಳು, ಹಿಂದೆ ಪಟ್ಟಿಯ ಕಮಾನು ಇದ್ದವು. ಹಿಂದಿನ ಸೀಟಿನಲ್ಲಿ ಐದು ಜನರನ್ನು ತುಂಬಿದರೂ ಅದು ಗೊಣಗಲಿಲ್ಲ. ಆದರೆ ತಿರುವಿನಲ್ಲಿ ದೋಣಿಯಂತೆ ವಾಲುತ್ತಿತ್ತು. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800ರಲ್ಲಿ ಸ್ಪ್ರಿಂಗೂ ಎಣ್ಣೆಯ ನಳಿಗೆಯೂ ಒಂದೇ ಕಂಬದಲ್ಲಿ ಕೂಡಿದ ಮುಂಗಾಲುಗಳಿದ್ದವು. ಪುಣೆ ಬೆಂಗಳೂರು ಹೆದ್ದಾರಿಯು ನಾಲ್ಕು ಸಾಲಿನದಾದಮೇಲೆ ಕಾರುಗಳ ವೇಗ ಬಹಳವಾಗಿ ಏರಿತು. ತಾಲ್ಲೂಕಿನ ಒಳರಸ್ತೆಗಳಾದರೋ ಕಬ್ಬಿನ ಟ್ರೇಲರುಗಳ ಭಾರಕ್ಕೆ ಇಂದಿಗೂ ಕುಸಿಯುತ್ತಿವೆ. ಒಂದೇ ಕಾರು ಒಂದೇ ದಿನದಲ್ಲಿ ಈ ಎರಡು ಬಗೆಯ ನೆಲವನ್ನೂ ಮೆಟ್ಟಬೇಕು. ನನ್ನ ವಿದ್ಯಾರ್ಥಿಯು ಹೆದ್ದಾರಿಯನ್ನು ಮಾತ್ರ ಎಣಿಸಿದನು, ತೇಪೆಯನ್ನು ಎಣಿಸಲಿಲ್ಲ.

ಅವನ ಲೆಕ್ಕದಲ್ಲಿ ತಪ್ಪಿದ್ದೆಲ್ಲಿ? ಆರು ಸುತ್ತು ಕೆಲಸ ಮಾಡುವ ಸುರುಳಿಯಲ್ಲಿ ಒಂದನ್ನು ಕತ್ತರಿಸಿದರೆ ಉಳಿದ ಸುರುಳಿಯ ಬಿಗುವು ನೂರಕ್ಕೆ 20ರಷ್ಟು ಏರುತ್ತದೆ. ತಂತಿಯ ದಪ್ಪವನ್ನು ನೂರಕ್ಕೆ 10ರಷ್ಟು ಹೆಚ್ಚಿಸಿದರೆ ಬಿಗುವು ನೂರಕ್ಕೆ 46ರಷ್ಟು ಏರುತ್ತದೆ. ಬಿಗುವು ಏರಿದಾಗ ಕಾರು ವಾಲುವುದು ಕಡಮೆಯಾಗುವುದು ನಿಜ. ಆದರೆ ತಿರುವಿನಲ್ಲಿ ಒಳಗಾಲಿಯಿಂದ ಹೊರಗಾಲಿಗೆ ಸರಿಯುವ ಭಾರವನ್ನು ನಿರ್ಧರಿಸುವುದು ಮುಖ್ಯವಾಗಿ ಕಾರಿನ ಎತ್ತರ, ಅಗಲ ಮತ್ತು ವೇಗ. ಸ್ಪ್ರಿಂಗು ಆ ಭಾರವನ್ನು ಮುಂದಿನ ಹಿಂದಿನ ಗಾಲಿಗಳಿಗೆ ಹಂಚಬಲ್ಲುದೇ ಹೊರತು ಇಲ್ಲವಾಗಿಸಲಾರದು. ಗಿಡ್ಡಮಾಡಿದ ಕಾರಿನಲ್ಲಿ ಗಾಲಿಗೆ ಮೇಲೇಳಲು ಜಾಗವೂ ಸಾಲದು. ದಿಣ್ಣೆ ಬಂದಾಗ ರಬ್ಬರಿನ ತಡೆಗೆ ಬಡಿದು, ಆ ಕ್ಷಣದಲ್ಲಿ ಸ್ಪ್ರಿಂಗೇ ಇಲ್ಲದ ಚಕ್ಕಡಿಯಾಗುತ್ತದೆ. ಮೇಲಾಗಿ ಮೊದಲಿನ ಸ್ಪ್ರಿಂಗಿಗೆ ಅಳೆದುಮಾಡಿದ ಎಣ್ಣೆಯ ನಳಿಗೆಯು ಬಿರುಸಾದ ಸ್ಪ್ರಿಂಗನ್ನು ಹಿಡಿಯಲಾರದು. ತೇಪೆಯ ಮೇಲೆ ಸೆಕೆಂಡಿಗೆ ಹತ್ತು ಹದಿನೈದು ಸಲ ಕುಪ್ಪಳಿಸುವ ಗಾಲಿ ನೆಲವನ್ನು ಮುಟ್ಟಿರುವ ಹೊತ್ತೇ ಕಡಮೆ. ಗಾಳಿಯಲ್ಲಿರುವ ಟೈರಿಗೆ ಎಲ್ಲಿಯ ಹಿಡಿತ?

ಹಾಗೆಂದು ಕಾರನ್ನು ಉತ್ತಮಪಡಿಸಲೇಬಾರದೆಂದು ನಾನು ಹೇಳುವವನಲ್ಲ. ಹಳೆಯ ಕಾರಿಗೆ ಹಿಡಿತ ಬೇಕೆನ್ನುವವರು ಮೊದಲು ಟೈರನ್ನೂ ಅದರ ಗಾಳಿಯನ್ನೂ ನೋಡಲಿ; ನೆಲವನ್ನು ಮುಟ್ಟುವುದು ಅದೊಂದೇ. ಆಮೇಲೆ ಸವೆದ ರಬ್ಬರು ಬುಷ್‌ಗಳನ್ನೂ ಸಡಿಲಗೊಂಡ ಕೀಲುಗಳನ್ನೂ ಬದಲಿಸಿ, ಗಾಲಿಗಳ ನೇರವನ್ನು ಸರಿಪಡಿಸಲಿ. ಮೂರನೆಯದಾಗಿ ಎಣ್ಣೆ ಸೋರಿದ ಶಾಕ್ ಅಬ್ಸಾರ್ಬರುಗಳನ್ನು ಎಡಬಲ ಜೊತೆಯಾಗಿಯೇ ಹೊಸದು ಮಾಡಲಿ. ಅನೇಕ ಕಾರುಗಳು ಇಷ್ಟರಿಂದಲೇ ತಮ್ಮ ಕಳೆದುಹೋದ ನಡೆಯನ್ನು ಮರಳಿ ಪಡೆಯುತ್ತವೆ. ಇನ್ನೂ ಬೇಕೆಂದರೆ ಆ ಕಾರಿಗೆಂದೇ ಒಟ್ಟಿಗೆ ಅಳೆದುಮಾಡಿದ ಸ್ಪ್ರಿಂಗು ನಳಿಗೆಗಳ ಜೋಡಿಯನ್ನು ಹಾಕಿಸಬಹುದು. ಕತ್ತರಿಸುವುದು ಮಾತ್ರ ಸಲ್ಲದು. 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಮು, ತಯಾರಕನು ಮೂಲತಃ ನಮೂದಿಸಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಬಾರದೆನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿಯಿತು. ಆದಕಾರಣ ಕೈಹಾಕುವ ಮೊದಲು ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ವಿವೇಕ.

ಕಾಯಿದೆಗಿಂತಲೂ ಚರಿತ್ರೆಯ ಎಚ್ಚರಿಕೆ ನನಗೆ ದೊಡ್ಡದಾಗಿ ತೋರುತ್ತದೆ. ರಬ್ಬರಿನ ಗಾಲಿ ತಂದ ಹಗುರವನ್ನು ನಾವು ಹೊರೆಯಾಗಿ ಮಾರ್ಪಡಿಸಿದೆವು. ಒಳ್ಳೆಯ ಕಮಾನು ತಂದ ಹಿಡಿತವನ್ನು ವೇಗವಾಗಿ ಮಾರ್ಪಡಿಸುತ್ತಿದ್ದೇವೆ. ಘಟ್ಟದ ತಿರುವಿನಲ್ಲಿ ಕಾರಿಗೆ ಹೊಸದಾಗಿ ಬಂದ ಹಿಡಿತವನ್ನು ಅಷ್ಟೂ ವೇಗಕ್ಕೆ ಖರ್ಚುಮಾಡಿದರೆ, ದಾರಿಯಲ್ಲಿ ತೇಪೆಯೋ ಚೆಲ್ಲಿದ ಕಬ್ಬೋ ಎದುರಾದಾಗ ಕೈಯಲ್ಲಿ ಉಳಿತಾಯವೇ ಇರುವುದಿಲ್ಲ. ಆಗ ಏಟನ್ನು ಹೊರುವವರು ಕಾರಿನಲ್ಲಿ ಕುಳಿತವರು ಮಾತ್ರವಲ್ಲ. ಎದುರಿನಿಂದ ಬರುವ ಸೈಕಲ್ಲಿನವನೂ ಅಂಚಿನಲ್ಲಿ ನಡೆಯುವ ಕೂಲಿಯವಳೂ ಸೇರುತ್ತಾರೆ. ಅವರು ಯಾವ ಸ್ಪ್ರಿಂಗನ್ನೂ ಆರಿಸಿಕೊಂಡವರಲ್ಲ.

ನನ್ನ ವಿದ್ಯಾರ್ಥಿಯು ಮೊನ್ನೆ ಕಾಗದ ಬರೆದಿದ್ದಾನೆ. ಮೂಲ ಸ್ಪ್ರಿಂಗುಗಳನ್ನೇ ಮತ್ತೆ ಹಾಕಿಸಿ, ಟೈರೂ ಶಾಕ್ ಅಬ್ಸಾರ್ಬರುಗಳೂ ಹೊಸದಾದುವಂತೆ. “ಈಗ ತಿರುವಿನ್ಯಾಗ ಸ್ವಲ್ಪ ವಾಲತೈತ್ರಿ ಸರ, ಆದರ ಗಾಲಿ ನೆಲಾ ಬಿಡೂದಿಲ್ಲ” ಎಂದಿದ್ದಾನೆ. ಆ ಸ್ವಲ್ಪ ವಾಲುವಿಕೆಯಿಂದ ಅವನು ತಿರುವಿನಲ್ಲಿ ಕಾಲನ್ನು ಸಡಿಲಿಸಲು ಕಲಿತಿದ್ದಾನೆಂಬುದನ್ನೂ ಕೊನೆಯ ಸಾಲಿನಲ್ಲಿ ಒಪ್ಪಿಕೊಂಡಿದ್ದಾನೆ. ಅಧ್ಯಾಪಕನಾದವನಿಗೆ ಇದಕ್ಕಿಂತ ಹೆಚ್ಚಿನ ಗುರುದಕ್ಷಿಣೆ ಬೇಕಿಲ್ಲ.